ತಾಲ್ಲೂಕಿನಿಂದ ಕೆಂಪು ಪಟ್ಟಿವರೆಗೆ: ಜಿಲ್ಲೆಯ ಟಿವಿ ಸುದ್ದಿ ಕೆಡೋದು ಎಲ್ಲಿ?

ಹೊರಪೇಟೆ ಓದುಗ, ತುಮಕೂರು

ಟಿವಿ ಸುದ್ದಿಯ ಮಾತು ಎಲ್ಲಿ ಶುರುವಾದರೂ ಆ್ಯಂಕರ್‌ಗಳ ಕೂಗಾಟಕ್ಕೆ ಹೋಗಿ ನಿಲ್ಲುತ್ತೆ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಪ್ರಶ್ನೆ ಇರೋದು ಜಿಲ್ಲಾ ಸುದ್ದಿಯದು. ಶಿರಾದಲ್ಲೋ ಮುಳಬಾಗಿಲಿನಲ್ಲೋ ಬಾಗೇಪಲ್ಲಿಯಲ್ಲೋ ಏನೋ ನಡೆಯುತ್ತೆ. ಹದಿನೈದು ನಿಮಿಷಕ್ಕೆ ಬೆಂಗಳೂರಿನಿಂದ ಪರದೆ ಮೇಲೆ ಬ್ರೇಕಿಂಗ್ ಸುದ್ದಿಯ ಕೆಂಪು ಪಟ್ಟಿ ಬರುತ್ತೆ. ಸಂಜೆ ಹೊತ್ತಿಗೆ ಊರು, ಸಂಖ್ಯೆ, ಕಾರಣ ಮೂರೂ ಬದಲಾಗಿರುತ್ತೆ, ತಪ್ಪಾಯ್ತು ಅಂತ ಒಂದು ಸಾಲೂ ಇರಲ್ಲ. ಆ ಹದಿನೈದು ನಿಮಿಷದಲ್ಲಿ ಏನಾಗುತ್ತೆ, ಎಲ್ಲಿ ಕೆಡುತ್ತೆ, ಸರಿಯಾಗಿ ಮಾಡೋದು ಹೇಗೆ, ನೋಡೋರು ಏನು ಮಾಡಬಹುದು? ಕೆಲಸ ಗೊತ್ತಿರೋರು ಬರೀರಿ. "ಮಾಧ್ಯಮ ಮಾರಿಕೊಂಡಿದೆ" ಅನ್ನೋ ಒಂದೇ ಸಾಲಿನ ಉತ್ತರ ದಯವಿಟ್ಟು ಬೇಡ.

ಡೆಸ್ಕ್ ಮೂಲೆ

ದಾರಿ ಇಷ್ಟೇ ಸರ್. ಹೆದ್ದಾರಿಯಲ್ಲಿ ಅಪಘಾತ ಆಯ್ತು ಅಂದ್ಕೊಳ್ಳಿ. ಅಲ್ಲಿದ್ದವರು ಮೊಬೈಲಲ್ಲಿ ವಿಡಿಯೊ ಮಾಡ್ತಾರೆ. ಅದು ತಾಲ್ಲೂಕಿನ ಸ್ಟ್ರಿಂಗರ್‌ಗೆ, ಅಂದರೆ ಚಾನೆಲ್‌ಗೆ ಸುದ್ದಿ ಕಳಿಸೋ ಬಿಡಿ ವರದಿಗಾರರಿಗೆ ಬರುತ್ತೆ. ಅವರು ಚಾನೆಲ್‌ನ ವಾಟ್ಸ್ಆ್ಯಪ್ ಗುಂಪಿಗೆ ಹಾಕ್ತಾರೆ, ಜೊತೆಗೆ ಒಂದು ಸಾಲು: "ಮೂರು ಜನ ಹೋಗಿದಾರಂತೆ, ಸ್ಪಾಟಿಗೆ ಹೋಗ್ತಿದೀನಿ". ಸುದ್ದಿ ತಗೊಳ್ಳೋ ಇನ್‌ಪುಟ್ ಡೆಸ್ಕ್ ಆ ಸಾಲನ್ನು ಪ್ರಸಾರಕ್ಕೆ ಸಿದ್ಧ ಮಾಡೋ ಔಟ್‌ಪುಟ್‌ಗೆ ದಾಟಿಸುತ್ತೆ. ಪಟ್ಟಿಯಲ್ಲಿ ಬರೋದು "ಭೀಕರ ಅಪಘಾತ, ಸ್ಥಳದಲ್ಲೇ ಮೂವರ ದುರ್ಮರಣ".

ಕಳೆದುಹೋಗಿದ್ದು ಯಾವುದು ನೋಡಿ: "ಅಂತೆ". ಕೇಳಿದ್ದು ಬೇರೆ, ಕಂಡದ್ದು ಬೇರೆ ಅಂತ ಒಂದೇ ಪ್ರತ್ಯಯದಲ್ಲಿ ಹೇಳೋ ಸೌಲಭ್ಯ ಕನ್ನಡಕ್ಕಿದೆ. ಸ್ಟ್ರಿಂಗರ್ ಅದನ್ನು ಪ್ರಾಮಾಣಿಕವಾಗಿ ಬಳಸಿದ್ದಾರೆ, ಡೆಸ್ಕ್ ಕಿತ್ತು ಹಾಕಿದೆ. "ಸ್ಥಳದಲ್ಲೇ" ಮತ್ತು "ಭೀಕರ" ಅನ್ನೋದು ಡೆಸ್ಕಿನ ಸ್ವಂತ ಕಾಣಿಕೆ. ಜಿಲ್ಲಾ ಸುದ್ದಿಯ ಅರ್ಧ ತಪ್ಪುಗಳು ಇಷ್ಟರಲ್ಲೇ ಆಗಿಹೋಗುತ್ತವೆ.

ಸಾವಿನ ಸಂಖ್ಯೆ ಯಾಕೆ ಏರುಪೇರಾಗುತ್ತೆ ಅಂದರೆ, ಗಾಯಾಳುಗಳನ್ನು ಮೊದಲು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲಾಸ್ಪತ್ರೆಗೆ, ತಲೆಗೆ ಪೆಟ್ಟಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಸಾಗಿಸ್ತಾರೆ. ಒಬ್ಬರೇ ಮೂರು ಕಡೆ ಎಣಿಕೆಗೆ ಸಿಗ್ತಾರೆ. ಪ್ರಜ್ಞೆ ಇಲ್ಲದವರನ್ನು ನೋಡಿದ ಜನ ಸತ್ತರು ಅಂದುಬಿಡ್ತಾರೆ. ಸರಿಯಾದ ಕ್ರಮ ಅಂದರೆ ಎರಡು ಫೋನು: ಒಂದು ಠಾಣೆಗೆ, ಇನ್ನೊಂದು ಆಸ್ಪತ್ರೆಯ ಕರ್ತವ್ಯನಿರತ ವೈದ್ಯಾಧಿಕಾರಿಗೆ. ಆಸ್ಪತ್ರೆಯ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳ) ಪುಸ್ತಕದಲ್ಲಿ ಎಷ್ಟು ಹೆಸರು ಬಿದ್ದಿದೆ, ಶವಾಗಾರಕ್ಕೆ ಎಷ್ಟು ಬಂದಿದೆ ಅಂತ ಕೇಳಬೇಕು. ಎರಡೂ ತಾಳೆಯಾಗದಿದ್ದರೆ ಕಡಿಮೆ ಸಂಖ್ಯೆ ಹಾಕಿ, ಯಾರು ಹೇಳಿದ್ದು, ಎಷ್ಟು ಗಂಟೆಗೆ ಹೇಳಿದ್ದು ಅಂತ ಸೇರಿಸಬೇಕು. ಸತ್ತವರ ಸಂಖ್ಯೆ ಆಮೇಲೆ ಏರಿಸಬಹುದು. ಬದುಕಿರೋರನ್ನು ಸಾಯಿಸಿ ಆಮೇಲೆ ಇಳಿಸೋದು ಆ ಮನೆಯವರಿಗೆ ಮಾಡೋ ಅನ್ಯಾಯ.

ಕ್ಯಾಮೆರಾ ಹೆಗಲು

ಡೆಸ್ಕ್ ಮೂಲೆ ಸರ್ ಡೆಸ್ಕಿನ ಮೇಲೆ ಹಾಕಿದ್ದು ಸರಿ, ಆದರೆ ದುಡ್ಡಿನ ಮಾತು ಬಿಟ್ಟಿರಿ. ತಾಲ್ಲೂಕಿನ ಸ್ಟ್ರಿಂಗರ್‌ಗಳಲ್ಲಿ ಹೆಚ್ಚಿನವರಿಗೆ ಸಂಬಳ ಇಲ್ಲ, ಪ್ರಸಾರವಾದ ಸುದ್ದಿಗೆ ಇಷ್ಟು ಅಂತ. ಪ್ರಸಾರ ಆಗದಿದ್ದರೆ ಪೆಟ್ರೋಲೂ ಕೈಯಿಂದ. ಹೀಗಿದ್ದಾಗ "ಇನ್ನೂ ಖಚಿತ ಆಗಿಲ್ಲ" ಅಂತ ಕಳಿಸೋರಿಗೆ ನಷ್ಟ, "ಮೂವರು ಸತ್ತರು" ಅಂತ ಕಳಿಸೋರಿಗೆ ಲಾಭ. ಅದರ ಮೇಲೆ ಕೆಲವು ಕಡೆ ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಜಾಹೀರಾತು ತರೋ ಗುರಿ ಬೇರೆ. ಬೆಳಿಗ್ಗೆ ಜಾಹೀರಾತು ಕೇಳಿದ ಗುತ್ತಿಗೆದಾರನ ಕಳಪೆ ರಸ್ತೆಯನ್ನು ಸಂಜೆ ತೋರಿಸು ಅಂದರೆ ಯಾರು ತೋರಿಸ್ತಾರೆ?

ಇನ್ನೊಂದು, ಅಪಘಾತದ ಶವಗಳನ್ನು ಹತ್ತಿರದಿಂದ ತೋರಿಸೋದು. 2023ರ ಜನವರಿಯಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಇದರ ಬಗ್ಗೆಯೇ ಚಾನೆಲ್‌ಗಳಿಗೆ ಸಲಹಾ ಪತ್ರ ಕಳಿಸಿತ್ತು. ಸಾಮಾಜಿಕ ಜಾಲತಾಣದ ವಿಡಿಯೊಗಳನ್ನು ತಿದ್ದದೆ, ಮಸುಕು ಮಾಡದೆ ಹಾಗೇ ಬಿಡ್ತಿದೀರಿ ಅಂತ. ಕ್ಯಾಮೆರಾದವರು ಮಾಡಬಹುದಾದ್ದು ಸುಲಭ: ದೂರದ ದೃಶ್ಯ, ಜಖಂ ಆದ ಗಾಡಿ, ರಸ್ತೆಯಲ್ಲಿ ಬ್ರೇಕಿನ ಗುರುತು, ಆ ತಿರುವಿನಲ್ಲಿ ಸೂಚನಾ ಫಲಕ ಇತ್ತೋ ಇಲ್ಲವೋ. ಇಷ್ಟು ತೆಗೆದರೆ ಸುದ್ದಿಗೆ ಸಾಕು. ಫಲಕ ಇಲ್ಲದ ತಿರುವೇ ಅಲ್ಲಿ ನಿಜವಾದ ಸುದ್ದಿ, ಅದನ್ನು ಮಾತ್ರ ಯಾರೂ ತೆಗೆಯಲ್ಲ.

ಟೊಮೆಟೊ ಮಂಡಿ, ಕೋಲಾರ

ನಮ್ಮ ಕಡೆ ಅಪಘಾತಕ್ಕಿಂತ ಹೆಚ್ಚು ಕೆಡೋದು ರೇಟು. 2023ರ ಜುಲೈಯಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು, ಅದು ನಿಜ. ಆದರೆ ಟಿವಿಯಲ್ಲಿ ಬಂದದ್ದು ಆ ದಿನದ ಅತಿ ಹೆಚ್ಚಿನ ಹರಾಜು. ಮಾರುಕಟ್ಟೆಯ ದರಪಟ್ಟಿಯಲ್ಲಿ ಮೂರು ಕಾಲಂ ಇರುತ್ತೆ: ಕನಿಷ್ಠ, ಗರಿಷ್ಠ, ಮಾದರಿ. ಹೆಚ್ಚಿನ ಮಾಲು ಮಾರಾಟವಾದ ದರ "ಮಾದರಿ" ಕಾಲಂನಲ್ಲಿರುತ್ತೆ. ಗರಿಷ್ಠ ದರ ಸಿಗೋದು ಒಳ್ಳೇ ಬಣ್ಣ, ಗಟ್ಟಿ ಕಾಯಿ ಇರೋ ಕೆಲವೇ ಲಾಟಿಗೆ. ವರದಿಗಾರ ಹರಾಜಿನ ಕಟ್ಟೆ ಮೇಲೆ ನಿಂತು ಮೊದಲ ಕೂಗನ್ನೇ ಹಿಡಿದುಕೊಂಡರೆ ಇಡೀ ಜಿಲ್ಲೆ ಆ ರೇಟಿಗೆ ಮಾರಿದ ಹಾಗೆ ಕಾಣುತ್ತೆ.

ಮುಂದಿನ ಹೆಜ್ಜೆ "ಟೊಮೆಟೊದಿಂದ ಕೋಟ್ಯಧಿಪತಿಯಾದ ರೈತ". ಬಾಕ್ಸ್ ಎಣಿಕೆ ಗುಣಿಸು ಗರಿಷ್ಠ ದರ, ಉತ್ತರ ಬಂತು. ಕಮಿಷನ್, ಬಾಕ್ಸ್ ಬಾಡಿಗೆ, ಸಾಗಣೆ, ಕೀಳೋ ಕೂಲಿ, ಕೋಲು ದಾರ, ಮಲ್ಚಿಂಗ್ ಹಾಳೆ, ಔಷಧಿ ಯಾವುದೂ ಕಳೆಯಲ್ಲ. ಎಲೆ ಸುರುಟು ರೋಗಕ್ಕೆ ತೋಟ ಕಿತ್ತು ಹಾಕಿದ ಪಕ್ಕದ ಮನೆಯವನು ಆ ಕಥೆಯಲ್ಲಿ ಇರೋದೇ ಇಲ್ಲ. ದರ ಬಂದದ್ದೇ ಬಹಳ ಜನರ ತೋಟ ಹಾಳಾಗಿದ್ದರಿಂದ, ಅದೂ ಹೇಳಲ್ಲ. ಇನ್ನೊಂದು ವಿಷಯ ಯಾರ ತಲೆಗೂ ಹೋಗಲ್ಲ: ಒಬ್ಬ ರೈತನ ಮುಖ, ಊರು, ತೋಟದ ದಾರಿ, "ಕೈಯಲ್ಲಿ ಇಷ್ಟು ಲಕ್ಷ" ಎಲ್ಲ ಸೇರಿಸಿ ತೋರಿಸಿದರೆ ಅದು ಕಳ್ಳರಿಗೆ ವಿಳಾಸ ಕೊಟ್ಟ ಹಾಗೆ.

ನರಸಾಪುರದ್ದೂ ನೆನಪಿಸಿಕೊಳ್ಳಿ. 2020ರ ಡಿಸೆಂಬರ್ 12ರಂದು ಐಫೋನ್ ಜೋಡಿಸ್ತಿದ್ದ ವಿಸ್ಟ್ರಾನ್ ಘಟಕದಲ್ಲಿ ಕಾರ್ಮಿಕರ ಗಲಾಟೆ. ಮೊದಲು ಬಂದ ನಷ್ಟದ ಅಂಕಿ ಸುಮಾರು 437 ಕೋಟಿ, ದೂರಿನಲ್ಲಿದ್ದದ್ದು. ಕೆಲವೇ ದಿನಕ್ಕೆ ಅದೇ ಕಂಪನಿ ತೈವಾನ್‌ನಲ್ಲಿ ಕೊಟ್ಟ ಅಂದಾಜು ನಮ್ಮ ರೂಪಾಯಿಗೆ ಸರಿಸುಮಾರು 26ರಿಂದ 52 ಕೋಟಿ. 437 ಎಷ್ಟು ದಿನ ಪರದೆ ಮೇಲೆ ಓಡಿತು, 26 ಎಷ್ಟು ಹೊತ್ತು ಓಡಿತು, ಲೆಕ್ಕ ಹಾಕಿ.

ಡೆಸ್ಕ್ ಮೂಲೆ

ಮಂಡಿ ಅಣ್ಣ ಹೇಳಿದ್ದು ಒಳ್ಳೇ ಉದಾಹರಣೆ. "ದೂರಿನಲ್ಲಿ ಕಂಪನಿ ಹೇಳಿಕೊಂಡಿರುವ ಪ್ರಕಾರ" ಅಂತ ಪ್ರತಿ ಸಲವೂ ಹೇಳಿದ್ದರೆ ಅಂಕಿ ಬದಲಾದರೂ ಚಾನೆಲ್ ಸುಳ್ಳಾಗ್ತಿರಲಿಲ್ಲ. ಎಫ್‌ಐಆರ್ ಅನ್ನೋದು ಒಬ್ಬರು ಕೊಟ್ಟ ಮಾಹಿತಿ, ತನಿಖೆಯ ಫಲ ಅಲ್ಲ. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್ ಪೊಲೀಸ್ ಜಾಲತಾಣದಲ್ಲೇ ಸಿಗುತ್ತೆ. 2016ರಲ್ಲಿ ಸುಪ್ರೀಂ ಕೋರ್ಟ್ 24 ಗಂಟೆಯೊಳಗೆ ಹಾಕಿ ಅಂದಿದೆ. ಹತ್ತು ನಿಮಿಷ ಕೂತು ಓದಿದರೆ "ಮೂಲಗಳ ಪ್ರಕಾರ" ಅನ್ನೋ ಪದದ ಅಗತ್ಯವೇ ಬೀಳಲ್ಲ.

ಗೃಹಿಣಿ ವೀಕ್ಷಕಿ, ತಿಪಟೂರು

ನನಗೆ ಕಾನೂನು ಗೊತ್ತಿಲ್ಲ, ಕೇಳ್ತೀನಿ. ಮಕ್ಕಳ ಮೇಲಿನ ದೌರ್ಜನ್ಯದ ಸುದ್ದಿಯಲ್ಲಿ ಮುಖ ಮಸುಕು ಮಾಡ್ತಾರೆ, ಆದರೆ ಊರಿನ ಹೆಸರು, ಅಪ್ಪನ ಕೆಲಸ, ಶಾಲೆ ಎಲ್ಲ ಹೇಳ್ತಾರೆ. ಇನ್ನೂರು ಮನೆ ಇರೋ ಹಳ್ಳಿಯಲ್ಲಿ ಯಾರು ಅಂತ ಗೊತ್ತಾಗಲ್ವಾ?

ಕಪ್ಪು ಕೋಟು, ಚಿಕ್ಕಬಳ್ಳಾಪುರ

ಮೇಡಂ, ನಿಮ್ಮ ಪ್ರಶ್ನೆಯಲ್ಲೇ ಕಾನೂನು ಇದೆ. ಪೋಕ್ಸೊ ಕಾಯ್ದೆಯ 23ನೇ ಕಲಂ ಬರೀ ಹೆಸರು, ಫೋಟೊ ಅನ್ನಲ್ಲ. ವಿಳಾಸ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಮಗುವಿನ ಗುರುತು ಹತ್ತಿಸುವ ಯಾವುದೇ ವಿವರ ಕೂಡದು ಅನ್ನುತ್ತೆ. 6 ತಿಂಗಳಿಂದ 1 ವರ್ಷದವರೆಗೆ ಸಜೆ, ಅಥವಾ ದಂಡ, ಅಥವಾ ಎರಡೂ. ವರದಿಗಾರ ಮಾತ್ರ ಅಲ್ಲ, ಮಾಧ್ಯಮದ ಮಾಲೀಕರೂ ಜೊತೆಗೆ ಹೊಣೆ. ಮಕ್ಕಳ ನ್ಯಾಯ ಕಾಯ್ದೆ 2015ರ 74ನೇ ಕಲಂ ಕಾನೂನಿನ ಜೊತೆ ಸಂಘರ್ಷಕ್ಕೆ ಬಿದ್ದ ಮಗುವಿಗೂ ಅನ್ವಯಿಸುತ್ತೆ, ಅಂದರೆ ಆರೋಪಿ 17 ವರ್ಷದವನಾದರೆ ಅವನ ಮುಖವೂ ತೋರಿಸೋ ಹಾಗಿಲ್ಲ. ಅತ್ಯಾಚಾರದ ವಯಸ್ಕ ಸಂತ್ರಸ್ತೆಯರಿಗೆ ಹಳೇ ಐಪಿಸಿ 228ಎ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ, 2 ವರ್ಷದವರೆಗೆ ಸಜೆ.

ನಿಪುಣ್ ಸಕ್ಸೇನಾ ಪ್ರಕರಣದಲ್ಲಿ 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟ ಮಾಡಿತು: ಸಂತ್ರಸ್ತೆ ತೀರಿಕೊಂಡಿದ್ದರೂ, ಮನೆಯವರು ಒಪ್ಪಿದರೂ ಚಾನೆಲ್ ತಾನಾಗಿ ಹೆಸರು ಹೇಳೋ ಹಾಗಿಲ್ಲ. "ತಂದೆ ತಾಯಿಯೇ ಬೈಟ್ (ಕ್ಯಾಮೆರಾ ಮುಂದೆ ಹೇಳಿಕೆ) ಕೊಟ್ಟರು" ಅನ್ನೋದು ಉತ್ತರ ಆಗಲ್ಲ. ಅವರ ಮುಖ ತೋರಿಸಿದರೇ ಗುರುತು ಸಿಕ್ಕ ಹಾಗೆ.

ಇಷ್ಟಾದರೂ ಜಾರಿ ಸುಲಭ ಇಲ್ಲ ಅನ್ನೋದನ್ನೂ ಹೇಳಬೇಕು. 23ನೇ ಕಲಂ ತನಿಖೆಗೆ ಪೊಲೀಸರಿಗೆ ಮ್ಯಾಜಿಸ್ಟ್ರೇಟ್ ಅನುಮತಿ ಬೇಕೋ ಬೇಡವೋ ಅನ್ನೋ ಪ್ರಶ್ನೆ ಉತ್ತರ ಕನ್ನಡದ ಪತ್ರಿಕೆಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2022ರ ಮಾರ್ಚ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ಅಭಿಪ್ರಾಯ ಕೊಟ್ಟರು.

ಕ್ಯಾಮೆರಾ ಹೆಗಲು

ಮಸುಕು ಮಾಡೋದ್ರಲ್ಲೂ ಕೈಚಳಕ ಬೇಕು. ನಮ್ಮ ಪ್ರಸಾರ ಸೆಕೆಂಡಿಗೆ 25 ಫ್ರೇಮ್. ನಡೆಯುತ್ತಿರೋ ವ್ಯಕ್ತಿಯ ಮುಖಕ್ಕೆ ಹಾಕಿದ ಮಸುಕು ತಲೆ ತಿರುಗಿಸಿದಾಗ ಜಾರುತ್ತೆ. ಮಸುಕಿಲ್ಲದೆ ತಪ್ಪಿಸಿಕೊಂಡ ಒಂದೇ ಒಂದು ಫ್ರೇಮ್ ಸಾಕು, ಯಾರೋ ನಿಲ್ಲಿಸಿ ಫೋಟೊ ತೆಗೀತಾರೆ. ಆದ್ದರಿಂದ ಮುಖದ ಜೊತೆಗೇ ಮಸುಕು ಸಾಗೋ ಟ್ರ್ಯಾಕಿಂಗ್ ಹಾಕಿದ ಮೇಲೂ ಫ್ರೇಮ್ ಫ್ರೇಮ್ ಓಡಿಸಿ ನೋಡಬೇಕು. ಅಷ್ಟು ಸಮಯ ಇಲ್ಲ ಅಂದರೆ ಆ ದೃಶ್ಯವೇ ಬೇಡ. ಕಿಟಕಿ, ಮರ, ಕೈಬೆರಳು ತೆಗೀರಿ. ಕೈಯಲ್ಲಿ ಹಚ್ಚೆ ಇದ್ದರೆ ಅದೂ ಬೇಡ.

ಮರೆತುಹೋಗೋ ಜಾಗಗಳು: ಸಮವಸ್ತ್ರದ ಬ್ಯಾಡ್ಜು, ಬೈಕಿನ ನಂಬರು, ಬಾಗಿಲ ಮೇಲಿನ ಮನೆ ನಂಬರು, ಹಿಂದೆ ಕಾಣೋ ಗುಡಿಯ ಗೋಪುರ. ಧ್ವನಿ ಇನ್ನೂ ಅಪಾಯ. ಬರೀ ಪಿಚ್ ಏರಿಸಿ ಬಿಟ್ಟರೆ ಯಾವುದೋ ಉಚಿತ ಸಾಫ್ಟ್‌ವೇರ್‌ನಲ್ಲಿ ಇಳಿಸಿ ಮೂಲ ದನಿ ಕೇಳಬಹುದು. ಮಾತನ್ನು ಬರೆದುಕೊಂಡು ಬೇರೆಯವರಿಂದ ಓದಿಸೋದೇ ಸರಿ.

ಆಮೇಲೆ ಎಲ್ಲರೂ ಎಡವೋದು ಇಲ್ಲಿ: ಬುಲೆಟಿನ್‌ನಲ್ಲಿ ಮಸುಕು ಇರುತ್ತೆ, ಯೂಟ್ಯೂಬ್ ತಂಡಕ್ಕೆ ಮೂಲ ಫೈಲ್ ಹೋಗಿರುತ್ತೆ. ವಿಡಿಯೊ ಸರಿ ಇದ್ದರೂ ಹೊರಗಿನ ಚಿಕ್ಕ ಚಿತ್ರದಲ್ಲಿ ಮುಖ ರಾರಾಜಿಸುತ್ತೆ. ಸ್ಟ್ರಿಂಗರ್ ಗುಂಪಿನಲ್ಲಿ ಬಿದ್ದ ಮೂಲ ವಿಡಿಯೊ ಅಷ್ಟೊತ್ತಿಗೆ ಐದು ಊರು ಸುತ್ತಿರುತ್ತೆ. ಮಸುಕು ಮಾಡಬೇಕಾದ್ದು ಬೆಂಗಳೂರಲ್ಲಲ್ಲ, ಕಳಿಸೋ ಫೋನಿನಲ್ಲೇ.

ನಂದಿ ಗಾಳಿ, ಚಿಕ್ಕಬಳ್ಳಾಪುರ

ನೀರಿನ ವರದಿ ಬಗ್ಗೆ ಯಾರೂ ಬರೀಲಿಲ್ಲವಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆರೆ ತುಂಬಿಸೋ ಯೋಜನೆಗಳು: ಕೋಲಾರಕ್ಕೆ ಕೆ.ಸಿ. ವ್ಯಾಲಿ, ನಮಗೆ ಎಚ್.ಎನ್. ವ್ಯಾಲಿ. 2018ರ ಜುಲೈಯಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಬಂದಾಗ ಅದನ್ನು ತೋರಿಸಿದ್ದು ಮಾಧ್ಯಮಗಳೇ, ಅದು ಒಳ್ಳೇ ಕೆಲಸ. ಕೆಟ್ಟದ್ದು ಆಮೇಲಿನದು. ವರದಿಗಾರರು ಗಾಜಿನ ಲೋಟಕ್ಕೆ ಕೆರೆ ನೀರು ತುಂಬಿ, ಅದರಲ್ಲಿ ಟಿಡಿಎಸ್ ಪೆನ್ನು ಅದ್ದಿ, ಅಂಕಿ ಕ್ಯಾಮೆರಾಕ್ಕೆ ಹಿಡಿದು "ನೋಡಿ ವೀಕ್ಷಕರೇ, ವಿಷ!" ಅಂದುಬಿಡ್ತಾರೆ.

ಆ ಪೆನ್ನು ಅಳೆಯೋದು ನೀರಿನ ವಿದ್ಯುತ್ ವಾಹಕತೆ, ಅದರಿಂದ ಕರಗಿದ ಲವಣದ ಅಂದಾಜು. ಫ್ಲೋರೈಡ್ ಎಷ್ಟು, ಸೀಸ ಎಷ್ಟು, ಬ್ಯಾಕ್ಟೀರಿಯಾ ಇದೆಯಾ, ಯಾವುದೂ ಅದಕ್ಕೆ ಗೊತ್ತಾಗಲ್ಲ. ಬಾಗೇಪಲ್ಲಿ, ಪಾವಗಡದ ಬೋರ್‌ವೆಲ್ ನೀರು ಆ ಪೆನ್ನಿಗೆ ಚೆನ್ನಾಗಿ ಕಂಡರೂ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿರಬಹುದು. ಅಂದರೆ ಪೆನ್ನು ಒಂದು ಕಡೆ ಸುಮ್ಮನೆ ಹೆದರಿಸುತ್ತೆ, ಇನ್ನೊಂದು ಕಡೆ ಸುಮ್ಮನೆ ಧೈರ್ಯ ಕೊಡುತ್ತೆ.

ಸರಿಯಾದ ವರದಿಗೆ ಬೇಕಾದ್ದು: ಮಾದರಿ ಎಲ್ಲಿ ತೆಗೆದದ್ದು (ಶುದ್ಧೀಕರಣ ಘಟಕದ ಬಾಯಲ್ಲಾ, ಕೆರೆಗೆ ಬೀಳೋ ಜಾಗದಲ್ಲಾ, ಪಕ್ಕದ ಬೋರ್‌ವೆಲ್‌ನಲ್ಲಾ), ಯಾವ ದಿನ, ಯಾವ ಪ್ರಯೋಗಾಲಯ, ಯಾವ ಅಂಶ, ಯಾವ ಮಾನದಂಡದ ಎದುರು. ಇದು ಅಂತರ್ಜಲ ಮರುಪೂರಣದ ನೀರು, ಕುಡಿಯೋ ನೀರಿನ ಮಾನದಂಡಕ್ಕೆ ಹೋಲಿಸಿ "ಫೇಲ್" ಅನ್ನೋದೂ ತಪ್ಪು. ಎರಡನೇ ಹಂತದವರೆಗಷ್ಟೇ ಶುದ್ಧ ಮಾಡಿದ ನೀರು ನೆಲಕ್ಕಿಳಿದು ಬೋರ್‌ವೆಲ್‌ಗೆ ಬರುತ್ತೆ ಅನ್ನೋದನ್ನು ಮುಚ್ಚಿಟ್ಟು "ಭಗೀರಥ ಯೋಜನೆ" ಅನ್ನೋದೂ ತಪ್ಪು. ವರದಿ ಬೇಕಾದರೆ ಮಾಹಿತಿ ಹಕ್ಕಿನಲ್ಲಿ ಕೇಳಿ: 10 ರೂಪಾಯಿ ಶುಲ್ಕ, ಕರ್ನಾಟಕದಲ್ಲಿ ಅರ್ಜಿ 150 ಪದದೊಳಗೆ, ಒಂದೇ ವಿಷಯ, 30 ದಿನ. ಟಿವಿಗೆ 30 ದಿನ ಕಾಯೋ ತಾಳ್ಮೆ ಇಲ್ಲ, ಅದು ಬೇರೆ ಮಾತು.

ಪಟ್ಟಿ ಬರಹಗಾರ

ಎಲ್ಲರೂ ಡೆಸ್ಕಿಗೆ ಬೈತಿದೀರಿ. ಪಕ್ಕದ ಚಾನೆಲ್‌ನಲ್ಲಿ ಬಂದಾಗಿದೆ, ನಮ್ಮಲ್ಲಿ ಯಾಕಿಲ್ಲ ಅಂತ ಮೇಲಿನಿಂದ ಫೋನು ಬರುತ್ತೆ. ಎದುರಿಗೆ ಎಂಟು ಪರದೆ. ರೇಟಿಂಗ್ ಇಲ್ಲದಿದ್ದರೆ ಚಾನೆಲ್ ನಡೆಯಲ್ಲ. ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಹೊರಪೇಟೆ ಓದುಗ, ತುಮಕೂರು

ತಗೊಂಡೆ. ಆದರೆ ಆ ರೇಟಿಂಗ್ ಲೆಕ್ಕವೇ 2020ರ ಅಕ್ಟೋಬರ್‌ನಲ್ಲಿ ರೇಟಿಂಗ್ ತಿರುಚಿದ ಆರೋಪದ ಟಿಆರ್‌ಪಿ ಹಗರಣ ಎದ್ದಾಗ ಸುದ್ದಿ ಚಾನೆಲ್‌ಗಳಿಗೆ ನಿಂತುಹೋಗಿತ್ತಲ್ಲ. 2022ರ ಮಾರ್ಚ್‌ವರೆಗೆ ವಾರದ ಅಂಕಿಯೇ ಇರಲಿಲ್ಲ. ಆಮೇಲೆ ಬಂದದ್ದು ನಾಲ್ಕು ವಾರದ ಸರಾಸರಿ. ನಾಲ್ಕು ವಾರದ ಸರಾಸರಿಯಲ್ಲಿ ಶಿರಾ ಅಪಘಾತವನ್ನು ಮೂರು ನಿಮಿಷ ಮೊದಲು ಕೊಟ್ಟಿದ್ದಕ್ಕೆ ಎಷ್ಟು ಅಂಕ ಸಿಗುತ್ತೆ ಗುರುವೇ?

ಹೆಬ್ಬೂರು ಹಾದಿ

ಚಿರತೆ ವಿಡಿಯೊ ಬಗ್ಗೆ ಎರಡು ಮಾತು. 2019ರ ಕೊನೆ, 2020ರ ಮೊದಲಲ್ಲಿ ತುಮಕೂರು ತಾಲ್ಲೂಕಿನ ಹೆಬ್ಬೂರು ಕಡೆ ಚಿರತೆ ದಾಳಿಯಲ್ಲಿ ಜನ ಸತ್ತರು. ಆ ಭಯದ ಮೇಲೆ ಈಗಲೂ ಎಲ್ಲೆಲ್ಲಿಯದೋ ಸಿಸಿಟಿವಿ ತುಣುಕು "ತುಮಕೂರಲ್ಲಿ ಚಿರತೆ" ಅಂತ ಓಡುತ್ತೆ.

ಪರೀಕ್ಷೆ ಹೀಗೆ. ವಿಡಿಯೊದಿಂದ ಮೂರು ನಾಲ್ಕು ಸ್ಥಿರಚಿತ್ರ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ, ಹಳೇದಾದರೆ ಬಹುತೇಕ ಸಿಗುತ್ತೆ. ಬೋರ್ಡಿನ ಭಾಷೆ ನೋಡಿ. ಆದರೆ ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರದಲ್ಲಿ ತೆಲುಗು ಬೋರ್ಡೂ ಇರುತ್ತೆ, ಅದೊಂದನ್ನೇ ನಂಬಬೇಡಿ. ಗಾಡಿ ನಂಬರು ನೋಡಿ: ಕೆಎ 06 ತುಮಕೂರು, 64 ಮಧುಗಿರಿ, 44 ತಿಪಟೂರು, 07 ಕೋಲಾರ, 08 ಕೆಜಿಎಫ್, 40 ಚಿಕ್ಕಬಳ್ಳಾಪುರ, 67 ಚಿಂತಾಮಣಿ. ನಿಂತ ಗಾಡಿಗಳೆಲ್ಲ ಬೇರೆ ರಾಜ್ಯದ್ದಾದರೆ ಅನುಮಾನ ಪಡಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಆಗಿ ಬಂದದ್ದರಲ್ಲಿ ತೆಗೆದ ದಿನ, ಜಾಗದ ಮಾಹಿತಿ ಉಳಿಯಲ್ಲ. ಮೂಲದವರ ಹತ್ತಿರ ಅದೇ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನಿ. "ನನಗೂ ಫಾರ್ವರ್ಡ್ ಬಂದಿದ್ದು" ಅಂದರೆ ಕಥೆ ಅಲ್ಲಿಗೆ ಮುಗೀತು. ಕೊನೆಗೆ ವಲಯ ಅರಣ್ಯಾಧಿಕಾರಿಗೆ ಫೋನು, ಹೆಜ್ಜೆ ಗುರುತು ಸಿಕ್ಕಿದೆಯಾ ಅಂತ.

2016ರಲ್ಲಿ ಎರಡು ಸಾವಿರದ ನೋಟಲ್ಲಿ ಚಿಪ್ ಇದೆ ಅಂತ ದೊಡ್ಡ ದೊಡ್ಡ ಚಾನೆಲ್‌ಗಳೇ ಗ್ರಾಫಿಕ್ಸ್ ಮಾಡಿ ತೋರಿಸಿದವು. ರಿಸರ್ವ್ ಬ್ಯಾಂಕಿಗೆ ಒಂದು ಫೋನು ಸಾಕಾಗಿತ್ತು.

ಗೃಹಿಣಿ ವೀಕ್ಷಕಿ, ತಿಪಟೂರು

ಸರಿ, ತಪ್ಪು ಕಂಡರೆ ದೂರು ಎಲ್ಲಿಗೆ? ಪ್ರೆಸ್ ಕೌನ್ಸಿಲ್‌ಗಾ?

ಕಪ್ಪು ಕೋಟು, ಚಿಕ್ಕಬಳ್ಳಾಪುರ

ಅಲ್ಲ ಮೇಡಂ. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆ ಪತ್ರಿಕೆಗಳಿಗೆ ಮಾತ್ರ, ಟಿವಿ ಅದರ ಕೈಗೆ ಬರಲ್ಲ. ಟಿವಿಗೆ 1995ರ ಕೇಬಲ್ ಕಾಯ್ದೆ, ಅದರ ನಿಯಮ 6ರ ಕಾರ್ಯಕ್ರಮ ಸಂಹಿತೆ. 2021ರ ಜೂನ್ ತಿದ್ದುಪಡಿಯ ನಂತರ ಮೂರು ಮೆಟ್ಟಿಲು. ಮೊದಲು ಚಾನೆಲ್‌ಗೇ ಬರೀಬೇಕು. 24 ಗಂಟೆಯಲ್ಲಿ ಸ್ವೀಕೃತಿ, 15 ದಿನದಲ್ಲಿ ಉತ್ತರ. ಸಮಾಧಾನ ಆಗದಿದ್ದರೆ 15 ದಿನದೊಳಗೆ ಸ್ವಯಂ ನಿಯಂತ್ರಣ ಸಂಸ್ಥೆಗೆ, ಅವರಿಗೆ 60 ದಿನ. ಅಲ್ಲೂ ಆಗದಿದ್ದರೆ ಕೇಂದ್ರ ಸರ್ಕಾರಕ್ಕೆ.

ಚಾನೆಲ್ ಸುದ್ದಿ ಚಾನೆಲ್‌ಗಳ ಸಂಘವಾದ ಎನ್‌ಬಿಡಿಎ ಸದಸ್ಯ ಆಗಿದ್ದರೆ, ದೂರು ಕೇಳೋಕೆ ಆ ಸಂಘದ ಎನ್‌ಬಿಡಿಎಸ್‌ಎ ಅನ್ನೋ ಪ್ರಾಧಿಕಾರ ಇದೆ, ಅದರ ಗಡುವು ಇನ್ನೂ ಬಿಗಿ. ಮೊದಲ ಪ್ರಸಾರದಿಂದ 7 ದಿನದೊಳಗೆ ಚಾನೆಲ್‌ಗೆ ದೂರು ಮುಟ್ಟಿರಬೇಕು. ಬಹಳ ದೂರು ಬಿದ್ದುಹೋಗೋದು ಇಲ್ಲೇ, ಜನ ಫೇಸ್‌ಬುಕ್‌ನಲ್ಲಿ ಎರಡು ವಾರ ಬೈದು ಆಮೇಲೆ ಬರೀತಾರೆ. ವಿಷಯ ಕೋರ್ಟ್‌ನಲ್ಲಿದ್ದರೆ ಅವರು ತಗೊಳ್ಳಲ್ಲ. 2023ರ ಹೊತ್ತಿಗೆ ದಂಡ ಹೆಚ್ಚೆಂದರೆ 1 ಲಕ್ಷ ಇತ್ತು. ಅದು ಸಾಲದು ಅಂತ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಆದರೆ ದಂಡಕ್ಕಿಂತ ಚಾನೆಲ್‌ಗಳಿಗೆ ಬಿಸಿ ಮುಟ್ಟೋದು ಕ್ಷಮೆ ಪ್ರಸಾರ ಮಾಡಿ, ವಿಡಿಯೊ ತೆಗೀರಿ ಅನ್ನೋ ಆದೇಶ.

ದೂರಿನಲ್ಲಿ ಚಾನೆಲ್, ದಿನ, ಗಂಟೆ ನಿಮಿಷ, ಆಡಿದ ಮಾತು ಹಾಗೇ, ಯಾವ ನಿಯಮ ಮುರಿದಿದೆ ಅಂತ ಇರಲಿ. "ಇಡೀ ಕಾರ್ಯಕ್ರಮ ಅಸಹ್ಯ" ಅಂತ ಬರೆದರೆ ಏನೂ ಆಗಲ್ಲ. ಪ್ರಸಾರವಾದದ್ದನ್ನು ಚಾನೆಲ್ 90 ದಿನ ಇಟ್ಟಿರಬೇಕು, ಆದರೂ ನೀವೇ ಆ ತುಣುಕು ದಾಖಲಿಸಿಕೊಳ್ಳಿ, ಯೂಟ್ಯೂಬ್ ಕೊಂಡಿ ಮಾಯವಾಗುತ್ತೆ.

ಊರಿನ ಕೇಬಲ್ ಚಾನೆಲ್ ಆದರೆ ಜಿಲ್ಲಾಧಿಕಾರಿಗೇ ಬರೀಬಹುದು, ಕಾಯ್ದೆಯಡಿ ಅವರು ಅಧಿಕೃತ ಅಧಿಕಾರಿ. ಚುನಾವಣೆ ಹೊತ್ತಲ್ಲಿ ಸುದ್ದಿ ರೂಪದ ಜಾಹೀರಾತು ಕಂಡರೆ ಜಿಲ್ಲಾ ಮಟ್ಟದ ಎಂಸಿಎಂಸಿಗೆ, ಅಂದರೆ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿಗೆ. ಒಂದೇ ಮಾತು, ಒಂದೇ ದೃಶ್ಯ ಎರಡು ಚಾನೆಲ್‌ನಲ್ಲಿ ಅಕ್ಷರಶಃ ಒಂದೇ ಥರ ಬಂದರೆ ಅದು ಕಾಸಿನ ಸುದ್ದಿ ಅನ್ನೋದಕ್ಕೆ ಬಲವಾದ ಸುಳಿವು.

ಪಟ್ಟಿ ಬರಹಗಾರ

ಎಲ್ಲ ಸರಿ. ಆದರೆ ಮೊದಲ ಮಾತಿಗೆ ಬರ್ತೀನಿ. "ಅಂತೆ" ಬಿಡ್ತೀರಿ ಅಂದಿರಿ. ಪಟ್ಟಿಯಲ್ಲಿ ಹಿಡಿಸೋದು ಐದಾರು ಪದ. "ಪೊಲೀಸರು ಬೆಳಿಗ್ಗೆ 9.40ಕ್ಕೆ ತಿಳಿಸಿದ ಪ್ರಕಾರ" ಅಂತೆಲ್ಲ ಹಾಕೋಕೆ ಜಾಗ ಎಲ್ಲಿದೆ? ನೀವೇ ಬರೆದು ತೋರಿಸಿ.

ಡೆಸ್ಕ್ ಮೂಲೆ

"ಶಿರಾ ಬಳಿ ಅಪಘಾತ, 3 ಸಾವು: ಪೊಲೀಸರು". ಎಣಿಸಿ, ಆರು. ಗಂಟೆ ಪರದೆಯ ಮೂಲೆಯಲ್ಲಿ ಹೇಗೂ ಓಡ್ತಿರುತ್ತೆ. ಖಚಿತ ಆಗೋ ಮೊದಲು "ಶಿರಾ ಬಳಿ ಅಪಘಾತ; ಹಲವರಿಗೆ ಗಾಯ". ಇದು ಐದೇ. "ಭೀಕರ", "ಸ್ಥಳದಲ್ಲೇ" ಎರಡನ್ನೂ ತೆಗೆದದ್ದಕ್ಕೆ ಸಿಕ್ಕ ಜಾಗ ಇದು.

ಪಟ್ಟಿ ಬರಹಗಾರ

"ಭೀಕರ" ಇಲ್ಲದೆ ಮೇಲಿನವರು ಪಾಸ್ ಮಾಡಲ್ಲ ಸರ್. ನಾಳೆ ಹಾಕಿ ನೋಡ್ತೀನಿ.